ಮಟ್ಟು ಒಂದೇ ಇದ್ದಾಗಲೂ ಮಾತು ಬೇರೆ ಇತ್ತು

2015ರ ಜನವರಿಯಲ್ಲಿ ಅಮೆರಿಕದ ಕಂಟ್ರಿ ಸಂಗೀತದ ಕೇಳುಗರಲ್ಲಿ ಒಂದು ವಿಚಿತ್ರ ಧ್ವನಿಮಿಶ್ರಣ ಎಲ್ಲೆಡೆ ಹರಿದಾಡಿತು. ಗ್ರೆಗ್ ಟಾಡ್ ಎಂಬ ಗೀತರಚನಕಾರರು ಆಗಷ್ಟೇ ರೇಡಿಯೋದಲ್ಲಿ ಮೆರೆದಿದ್ದ ಆರು ಹಾಡುಗಳನ್ನು ಆರಿಸಿಕೊಂಡು, ಶ್ರುತಿಯನ್ನೂ ವೇಗವನ್ನೂ ತುಸು ಹೊಂದಿಸಿ, ಒಂದರ ಮೇಲೊಂದು ಹಾಸಿಬಿಟ್ಟಿದ್ದರು. ಬ್ಲೇಕ್ ಶೆಲ್ಟನ್, ಲ್ಯೂಕ್ ಬ್ರಯನ್, ಕೋಲ್ ಸ್ವಿಂಡೆಲ್, ಚೇಸ್ ರೈಸ್, ಜೊತೆಗೆ ಫ್ಲಾರಿಡಾ ಜಾರ್ಜಿಯಾ ಲೈನ್ ಮತ್ತು ಪಾರ್ಮಲಿ ಎಂಬ ಎರಡು ತಂಡಗಳು. ಹಾಡಿದವರು ಬೇರೆ ಬೇರೆ. ಆದರೆ ಚರಣ ಮುಗಿದು ಪಲ್ಲವಿಗೆ ಏರುವ ಜಾಗ, ಗಿಟಾರುಗಳು ಒಮ್ಮೆಲೇ ಬಿಚ್ಚಿಕೊಳ್ಳುವ ಜಾಗ, ದನಿ ಮೇಲೇರಿ ನಿಲ್ಲುವ ಜಾಗ, ಎಲ್ಲವೂ ಹಲಗೆಗೆ ಹಲಗೆ ಕೂಡಿಸಿದಂತೆ ಕೂಡಿಬಂದವು. ಒಬ್ಬರು ಎತ್ತಿದ ಸಾಲನ್ನು ಇನ್ನೊಬ್ಬರು ಮುಗಿಸಿದರೂ ಕೇಳುವವರಿಗೆ ತೊಡಕಾಗುತ್ತಿರಲಿಲ್ಲ. ಇಂದಿನ ಕಂಟ್ರಿ ಸಂಗೀತ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಸರಕಾಗಿದೆ ಎಂದು ಬಹಳ ದಿನಗಳಿಂದ ಗೊಣಗುತ್ತಿದ್ದವರಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿರಲಿಲ್ಲ. ಆ ದೂರು ನಿಜವೇ? ನಿಜವಾದರೆ ಎಷ್ಟು ನಿಜ, ಎಂದಿನಿಂದ ನಿಜ, ಯಾರ ಕೈವಾಡದಿಂದ ನಿಜ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಗೀತ ಹುಟ್ಟಿದ್ದೇ ಅಚ್ಚಿನೊಳಗೆ. ಆದ್ದರಿಂದ ಅಚ್ಚನ್ನೇ ದೂರುವುದರಲ್ಲಿ ಹುರುಳಿಲ್ಲ. ಹಿಂದೆ ಎಲ್ಲರೂ ಹಂಚಿಕೊಳ್ಳುತ್ತಿದ್ದದ್ದು ಮಟ್ಟನ್ನು, ಅದರೊಳಗೆ ಹೇಳುತ್ತಿದ್ದ ಬದುಕು ಅವರವರದಾಗಿರುತ್ತಿತ್ತು. 1990ರ ದಶಕದ ನಡುವಿನಿಂದ ಈಚೆಗೆ ಬದುಕೂ ಅಚ್ಚಿಗೆ ಬಿತ್ತು. ಹಾಗೆ ಬೀಳುವುದಕ್ಕೆ ಕಾರಣ ಹಾಡುವವರಲ್ಲಿ ಶಕ್ತಿ ಕುಂದಿದ್ದಲ್ಲ, ಹಾಡು ಜನರ ಕಿವಿಗೆ ತಲುಪುವ ಬಾಗಿಲು ಕಿರಿದಾದದ್ದು.

ಮೊದಲು ದೂರಿನ ತಿರುಳನ್ನು ನೋಡೋಣ. 2013ರ ಆಗಸ್ಟಿನಲ್ಲಿ ವಿಮರ್ಶಕ ಜೋಡಿ ರೋಸೆನ್ ‘ನ್ಯೂಯಾರ್ಕ್’ ಪತ್ರಿಕೆಯಲ್ಲಿ ಈ ಬಗೆಯ ಹಾಡಿಗೆ ‘ಬ್ರೋ ಕಂಟ್ರಿ’ ಎಂದು ಹೆಸರಿಟ್ಟರು. ಈಗ ನಮ್ಮ ಊರಿನ ಹುಡುಗರ ಬಾಯಲ್ಲೂ ಸಲೀಸಾಗಿ ಓಡಾಡುವ ಆ ‘ಬ್ರೋ’ ಪದ ಗುರಿ ಮುಟ್ಟಿತು. ಹಾಡಿನೊಳಗಿನ ಲೋಕ ಇಷ್ಟೇ: ವಾರದ ಕೊನೆಯ ಸಂಜೆ, ಹೊಸ ಪಿಕಪ್ ಟ್ರಕ್ಕು, ಡಾಂಬರು ಕಾಣದ ಮಣ್ಣುರಸ್ತೆ, ಹೊಳೆದಂಡೆ, ತಣ್ಣನೆಯ ಬಿಯರು, ತುಂಡು ಜೀನ್ಸ್ ತೊಟ್ಟ ಹೆಸರಿಲ್ಲದ ಹುಡುಗಿ. ಅರ್ಧ ಮಾತು ಅರ್ಧ ಹಾಡಿನಂತೆ ಸಾಗುವ ಚರಣ, ಅದರ ಕೆಳಗೆ ಹಿಪ್‌ಹಾಪ್‌ನಿಂದ ತಂದ ಯಂತ್ರದ ತಾಳ, ಪಲ್ಲವಿಯಲ್ಲಿ ರಾಕ್ ಸಂಗೀತದ ಗಿಟಾರಿನ ಗೋಡೆ. ಈ ಬಗೆಯ ಮೇರು ಉದಾಹರಣೆ ಫ್ಲಾರಿಡಾ ಜಾರ್ಜಿಯಾ ಲೈನ್ ತಂಡದ ‘ಕ್ರೂಸ್’. 2012ರಲ್ಲಿ ಬಂದ ಆ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 24 ವಾರ ಮೊದಲ ಸ್ಥಾನದಲ್ಲಿ ಕೂತಿತು. ಅದಕ್ಕೂ ಹಿಂದಿನ ದಾಖಲೆ 21 ವಾರದ್ದು. 1940 ಮತ್ತು 50ರ ದಶಕಗಳಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಆಮೇಲೆ 2017ರಲ್ಲಿ ಸ್ಯಾಮ್ ಹಂಟ್ ಅವರ ಒಂದು ಹಾಡು 34 ವಾರ ಕೂತಿತು. ಅದರ ಬೆನ್ನಿಗೇ ಬೆಬೆ ರೆಕ್ಸಾ ಫ್ಲಾರಿಡಾ ಜಾರ್ಜಿಯಾ ಲೈನ್ ಜೊತೆ ಹಾಡಿದ ‘ಮೆಂಟ್ ಟು ಬಿ’ 50 ವಾರ ಕೂತಿತು. 2012ರ ಅಕ್ಟೋಬರಿನಲ್ಲಿ ಬಿಲ್‌ಬೋರ್ಡ್ ಎಣಿಕೆಯ ಕ್ರಮವನ್ನೇ ಬದಲಿಸಿ, ಕಂಟ್ರಿ ಕೇಂದ್ರಗಳ ಜೊತೆಗೆ ಪಾಪ್ ಕೇಂದ್ರಗಳ ಪ್ರಸಾರವನ್ನೂ ಇಂಟರ್ನೆಟ್ಟಿನ ಕೇಳಿಕೆಯನ್ನೂ ಲೆಕ್ಕಕ್ಕೆ ಸೇರಿಸಿತ್ತೆಂಬುದನ್ನು ಮರೆಯಬಾರದು. ಈ ದೀರ್ಘ ಆಳ್ವಿಕೆಗಳಿಗೆ ಅದೂ ಒಂದು ಕಾರಣ. ಹೇಗೇ ಎಣಿಸಿದರೂ ಒಂದು ಮಾತು ಉಳಿಯುತ್ತದೆ. ಒಂದು ಇಡೀ ವರ್ಷಕ್ಕೆ ಹತ್ತಿರ ಒಂದೇ ಹಾಡು ಮೇಲೆ ಕೂತಿದ್ದರೆ, ಅಷ್ಟು ವಾರಗಳಲ್ಲಿ ಬೇರೆ ಯಾರಿಗೂ ಆ ಪೀಠ ಸಿಗಲಿಲ್ಲ.

ಇದಕ್ಕೆ ಮೊದಲ ಆಕ್ಷೇಪ ತಕ್ಷಣ ಬರುತ್ತದೆ: ಕಂಟ್ರಿ ಯಾವಾಗ ಒಂದೇ ಥರ ಇರಲಿಲ್ಲ? ಈ ಆಕ್ಷೇಪ ಬಲವಾದದ್ದು. 1927ರ ಬೇಸಿಗೆಯಲ್ಲಿ ಟೆನ್ನೆಸ್ಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯ ಮೇಲಿರುವ ಬ್ರಿಸ್ಟಲ್ ಪಟ್ಟಣದಲ್ಲಿ ರಾಲ್ಫ್ ಪೀರ್ ಧ್ವನಿಮುದ್ರಣಕ್ಕೆ ಕೂತಾಗ ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸ್ ಅವರೂ ಬಂದು ಹಾಡಿದರು. ಈ ಸಂಗೀತದ ಹುಟ್ಟುಹಬ್ಬವನ್ನು ಹಲವರು ಅಲ್ಲಿಂದಲೇ ಎಣಿಸುತ್ತಾರೆ. ಅದೇ ಕಾರ್ಟರ್ ಕುಟುಂಬ 1929ರಲ್ಲಿ ‘ಐಯಾಮ್ ಥಿಂಕಿಂಗ್ ಟುನೈಟ್ ಆಫ್ ಮೈ ಬ್ಲೂ ಐಸ್’ ಎಂಬ ವಿರಹದ ಹಾಡನ್ನು ಮುದ್ರಿಸಿತು. 1936ರಲ್ಲಿ ರಾಯ್ ಏಕಫ್ ಅದೇ ಮಟ್ಟಿನಲ್ಲಿ ‘ದ ಗ್ರೇಟ್ ಸ್ಪೆಕಲ್ಡ್ ಬರ್ಡ್’ ಎಂಬ ಭಕ್ತಿಗೀತೆ ಹಾಡಿ ಹೆಸರಾದರು. ಲೋಕವೆಲ್ಲ ಕುಕ್ಕಿದರೂ ಎದೆಗೆಡದ ಚುಕ್ಕೆ ಹಕ್ಕಿಯಂತೆ ಧರ್ಮಸಭೆ ಇದೆ ಎಂಬುದು ಅದರ ಭಾವ. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಅದೇ ಮಟ್ಟಿಗೆ ‘ದ ವೈಲ್ಡ್ ಸೈಡ್ ಆಫ್ ಲೈಫ್’ ಹಾಡಿದರು. ತನ್ನನ್ನು ಬಿಟ್ಟು ಹೆಂಡದಂಗಡಿಗಳ ಬೆಳಕಿನತ್ತ ಹೋದ ಹೆಂಗಸನ್ನು ಗಂಡಸೊಬ್ಬ ದೂರುವ ಹಾಡು ಅದು. ಅದೇ ವರ್ಷ ಅದೇ ಮಟ್ಟಿನಲ್ಲಿ ಕಿಟ್ಟಿ ವೆಲ್ಸ್ ಉತ್ತರ ಕೊಟ್ಟರು. ಅಂಥ ಹೆಂಗಸರನ್ನು ದೇವರು ಮಾಡಲಿಲ್ಲ, ಮದುವೆಯಾಗಿಯೂ ಆಗದವರಂತೆ ನಟಿಸುವ ಗಂಡಸರು ಮಾಡಿದರು ಎಂಬುದು ಆ ಉತ್ತರ. ಎನ್‌ಬಿಸಿ ರೇಡಿಯೋ ಜಾಲ ಅದನ್ನು ತಡೆಹಿಡಿಯಿತು. ಆದರೂ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಒಂಟಿ ಗಾಯಕಿಯೆಂಬ ಹೆಸರು ಅವರದಾಯಿತು.

ಒಂದೇ ಮಟ್ಟಿನ ಈ ನಾಲ್ಕು ಹಾಡುಗಳು ನನ್ನ ವಾದದ ಬೇರು. ಅಚ್ಚು ಎಂಬುದು ಇಲ್ಲಿ ಬಡತನದ ಗುರುತಾಗಿಲ್ಲ. ಒಬ್ಬ ಆಡಿದ ಮಾತಿಗೆ ಇನ್ನೊಬ್ಬಳು ಎದುರಾಡಬೇಕಾದರೆ ಇಬ್ಬರೂ ನಿಲ್ಲುವ ಕಟ್ಟೆ ಒಂದೇ ಆಗಿರಬೇಕು; ಮಟ್ಟು ಆ ಕಟ್ಟೆಯಾಗಿತ್ತು. ತ್ರಿಪದಿ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೂರು ಸಾಲಿನ ಒಂದೇ ಕಟ್ಟು, ಅದರೊಳಗೆ ತವರು, ಮಳೆ, ಕಲ್ಲು, ಕೂಸು, ಶಿವ ಎಲ್ಲರಿಗೂ ಜಾಗ. ನ್ಯಾಶ್‌ವಿಲ್ ನಗರದ ವಾದ್ಯಗಾರರೂ ಇಂಥ ಒಂದು ಕಟ್ಟನ್ನು ತಮ್ಮ ಕಸುಬಿಗಾಗಿ ಮಾಡಿಕೊಂಡರು. ಜಾರ್ಡನೇರ್ಸ್ ತಂಡದ ನೀಲ್ ಮ್ಯಾಥ್ಯೂಸ್ ಹುಟ್ಟುಹಾಕಿ, ಚಾರ್ಲಿ ಮೆಕಾಯ್ ಮುಂತಾದವರು ಬೆಳೆಸಿದ ಆ ಪದ್ಧತಿಯಲ್ಲಿ ಸ್ವರಮೇಳಗಳನ್ನು ಹೆಸರಿನಿಂದ ಕರೆಯದೆ ಅಂಕಿಯಿಂದ ಗುರುತಿಸುತ್ತಾರೆ. ಗಾಯಕರ ಕಂಠಕ್ಕೆ ಒಗ್ಗುವ ಆಧಾರ ಸ್ವರ ಯಾವುದೇ ಇರಲಿ ಅದು 1. ಅಲ್ಲಿಂದ ನಾಲ್ಕನೆಯದು 4, ಐದನೆಯದು 5. ಷಡ್ಜ ಯಾವ ಶ್ರುತಿಯಲ್ಲಿದ್ದರೂ ‘ಸ’ ಎಂದೇ ಹಾಡುವ ನಮ್ಮ ಸರಿಗಮದಂತೆಯೇ ಇದು. ಒಂದು ಸಣ್ಣ ಹಾಳೆಯ ಮೇಲೆ ನಾಲ್ಕು ಸಾಲು ಅಂಕಿ ಬರೆದರೆ, ಆ ಹಾಡನ್ನು ಎಂದೂ ಕೇಳಿರದ ಆರು ಮಂದಿ ಅದನ್ನು ಆ ಕ್ಷಣವೇ ನುಡಿಸಬಲ್ಲರು. ಗಾಯಕಿಗೆ ಶ್ರುತಿ ಎತ್ತರವಾಯಿತೆಂದರೆ ಹಾಳೆಯಲ್ಲಿ ಏನನ್ನೂ ತಿದ್ದದೆ ಕೆಳಗಿನ ಶ್ರುತಿಯಲ್ಲಿ ಮತ್ತೆ ಶುರುಮಾಡಬಲ್ಲರು. ಬಹುತೇಕ ಹಾಡುಗಳು 1, 4, 5ರ ಸುತ್ತಲೇ ಸುತ್ತುವುದರಿಂದಲೇ ಇದು ಇಷ್ಟು ಸಲೀಸು. ಕಂಟ್ರಿಯ ಸಂಗೀತದ ಮೈಕಟ್ಟು ಸರಳವಾಗಿದ್ದದ್ದು ಕೊರತೆಯಿಂದಲ್ಲ. ಕೇಳುವವರ ಗಮನವೆಲ್ಲ ಮಾತಿನ ಮೇಲೆ ನಿಲ್ಲಲಿ ಎಂದು.

ಉದ್ಯಮದ ಕೈಯಲ್ಲಿ ಈ ಸಂಗೀತ ಏಕರೂಪವಾಗುವುದೂ ಹೊಸ ಸಂಗತಿಯಲ್ಲ. ರಾಕ್ ಅಂಡ್ ರೋಲ್‌ನ ಹೊಡೆತಕ್ಕೆ ತತ್ತರಿಸಿದ ನ್ಯಾಶ್‌ವಿಲ್ 1950ರ ದಶಕದ ಕೊನೆಯಲ್ಲಿ ಪಿಟೀಲನ್ನೂ ಮೂಗಿನ ದನಿಯನ್ನೂ ಹಿಂದೆ ಸರಿಸಿ, ತಂತಿವಾದ್ಯಗಳ ಮೇಳ ಮತ್ತು ನಯವಾದ ಕೋರಸ್ ತಂದಿತು. ಚೆಟ್ ಆಟ್ಕಿನ್ಸ್, ಓವೆನ್ ಬ್ರಾಡ್ಲಿ ಎಂಬ ನಿರ್ಮಾಪಕರು, ಬೆರಳೆಣಿಕೆಯ ಸ್ಟುಡಿಯೋಗಳು, ದಿನವೂ ಎಲ್ಲರ ಹಾಡಿಗೂ ನುಡಿಸುವ ಅದೇ ವಾದ್ಯಗಾರರ ಗುಂಪು. ಈ ನ್ಯಾಶ್‌ವಿಲ್ ನಾದವೆಂದರೆ ಏನು ಎಂದು ಕೇಳಿದಾಗ ಆಟ್ಕಿನ್ಸ್ ಜೇಬಿನ ಚಿಲ್ಲರೆ ಕುಲುಕಿ ತೋರಿಸಿದರೆಂಬ ಕಥೆ ಇಂದಿಗೂ ಅಲ್ಲಿ ಓಡಾಡುತ್ತದೆ. ಪ್ರತಿ ಬಾರಿಯೂ ಇದಕ್ಕೆ ಎದುರೇಟು ಬಂದದ್ದೂ ನಿಜ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಿಂದ ಬಕ್ ಓವೆನ್ಸ್ ಮತ್ತು ಮರ್ಲ್ ಹ್ಯಾಗರ್ಡ್ ಒರಟು ಗಿಟಾರು ತಂದರು. 1975ರಲ್ಲಿ ವಿಲ್ಲಿ ನೆಲ್ಸನ್ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಆಲ್ಬಮ್ಮನ್ನು ಮೂಳೆ ಕಾಣುವಷ್ಟು ಬರಿದಾಗಿಸಿ ಮುದ್ರಿಸಿದರು. ಅದೇ ವರ್ಷ ವೇಲನ್ ಜೆನ್ನಿಂಗ್ಸ್ ತಮ್ಮ ಹಾಡಿನಲ್ಲೇ, ಹಿಂದಿನ ತಲೆಮಾರಿನ ಮೇರು ಗಾಯಕ ಹ್ಯಾಂಕ್ ವಿಲಿಯಮ್ಸ್ ಹೀಗೆ ಮಾಡುತ್ತಿದ್ದರೇ ಎಂದು ಪ್ರಶ್ನಿಸಿದರು. 1986ರಲ್ಲಿ ರ‍್ಯಾಂಡಿ ಟ್ರಾವಿಸ್ ಹಳೆಯ ದನಿಯನ್ನು ಮರಳಿ ತಂದರು. 2000ದಲ್ಲಿ ಜಾರ್ಜ್ ಸ್ಟ್ರೇಟ್ ಮತ್ತು ಅಲನ್ ಜಾಕ್ಸನ್ ಕೂಡಿ, ನ್ಯಾಶ್‌ವಿಲ್‌ನ ಸಂಗೀತ ಕಂಪನಿಗಳಿರುವ ಮ್ಯೂಸಿಕ್ ರೋ ಬೀದಿಯಲ್ಲಿ ಕಂಟ್ರಿಯ ಕೊಲೆಯಾಗಿದೆ ಎಂದು ಸಾರುವ ಹಾಡನ್ನೇ ಹಾಡಿ ಪ್ರಶಸ್ತಿ ಪಡೆದರು. ಹೀಗೆ ಎಪ್ಪತ್ತು ವರ್ಷಗಳಿಂದಲೂ ಪ್ರತಿ ತಲೆಮಾರು ಹಿಂದಿನದೇ ಚಿನ್ನ, ಇಂದಿನದು ಕಾಗೆಬಂಗಾರ ಎನ್ನುತ್ತ ಬಂದಿದೆ. ಹಾಗಾದರೆ ಈಗಿನ ಗೊಣಗಾಟಕ್ಕೂ ಹೆಚ್ಚಿನ ಬೆಲೆ ಏಕೆ ಕೊಡಬೇಕು?

ಏಕೆಂದರೆ, ಆ ನಯಗಾರಿಕೆಯ ಕಾಲದಲ್ಲೂ ಹಾಡಿನ ಒಡಲು ಬರಿದಾಗಿರಲಿಲ್ಲ. ಲೊರೆಟ್ಟಾ ಲಿನ್ ಕೆಂಟಕಿಯ ಕಲ್ಲಿದ್ದಲು ಗಣಿಯ ಮನೆಯನ್ನು 1970ರಲ್ಲಿ ಹಾಡಿದ್ದು, ಡಾಲಿ ಪಾರ್ಟನ್ ಚಿಂದಿ ಬಟ್ಟೆಯ ಕೋಟನ್ನು 1971ರಲ್ಲಿ ಹಾಡಿದ್ದು ನ್ಯಾಶ್‌ವಿಲ್‌ನ ಅದೇ ಉದ್ಯಮದೊಳಗೆ ಕೂತು. 1980ರಲ್ಲಿ ಜಾರ್ಜ್ ಜೋನ್ಸ್ ಹಾಡಿದ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ಯಲ್ಲಿ ನಿರ್ಮಾಪಕ ಬಿಲ್ಲಿ ಶೆರಿಲ್ ತಂತಿವಾದ್ಯಗಳನ್ನು ಧಾರಾಳವಾಗಿ ಸುರಿದಿದ್ದಾರೆ, ಆದರೂ ಸಾಯುವವರೆಗೂ ಒಬ್ಬಳನ್ನೇ ಪ್ರೀತಿಸಿದವನ ಅಂತ್ಯಕ್ರಿಯೆಯ ಆ ಕಥೆ ಎದೆಯನ್ನು ಹಿಂಡುತ್ತದೆ. ಅಂದರೆ ಮೈಮೇಲಿನ ಅಂಗಿ ಒಂದೇ ಬಣ್ಣದ್ದಾಗಿದ್ದರೂ ಒಳಗಿನ ಮನುಷ್ಯರು ಬೇರೆ ಬೇರೆಯಾಗಿದ್ದರು. ಎದುರೇಟು ಕೊಡಲು ಬಂದವರಿಗೂ ಒಂದು ಹಾದಿ ತೆರೆದಿತ್ತು. ಊರೂರಿಗೆ ಬೇರೆ ಬೇರೆ ಒಡೆಯರ ರೇಡಿಯೋ ಕೇಂದ್ರಗಳಿದ್ದವು. ಹೊಸ ಗ್ರಾಮಫೋನ್ ತಟ್ಟೆಯೊಂದು ಟೆಕ್ಸಾಸಿನ ಒಂದು ಊರಿನಲ್ಲಿ ಹಿಡಿದರೆ ಪಕ್ಕದ ಊರಿಗೆ ಹಬ್ಬುತ್ತಿತ್ತು. ಲೋಲಕ ತೂಗಬೇಕಾದರೆ ಅದಕ್ಕೆ ತೂಗುವಷ್ಟು ಜಾಗ ಬೇಕು. ಇತ್ತೀಚಿನ ಕಾಲದಲ್ಲಿ ಬದಲಾದದ್ದು ಆ ಜಾಗ.

ಆ ಬದಲಾವಣೆಗೆ ಒಂದು ತಾರೀಖೂ ಇದೆ. 1996ರ ಫೆಬ್ರುವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ದೂರಸಂಪರ್ಕ ಕಾಯ್ದೆ, ದೇಶದಾದ್ಯಂತ ಒಂದು ಕಂಪನಿ ಎಷ್ಟು ರೇಡಿಯೋ ಕೇಂದ್ರಗಳನ್ನು ಹೊಂದಬಹುದೆಂಬ ಮಿತಿಯನ್ನು ತೆಗೆದುಹಾಕಿತು. ಅದಕ್ಕೆ ಮುಂಚೆ ಆ ಮಿತಿ 40 ಇತ್ತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಯಲ್ಲಿ ಸುಮಾರು 1,200 ಕೇಂದ್ರಗಳು ಸೇರಿದವು. ಸಾಲ ಮಾಡಿ ಕೇಂದ್ರಗಳನ್ನು ಕೊಂಡ ಕಂಪನಿಗಳು ಖರ್ಚು ಉಳಿಸಲು ಊರಿನ ಉದ್ಘೋಷಕರನ್ನೂ ಹಾಡು ಆಯುವವರನ್ನೂ ಕಡಿಮೆ ಮಾಡಿ, ಹಲವು ಊರುಗಳಿಗೆ ಒಂದೇ ಕಡೆ ಕೂತು ಪಟ್ಟಿ ಮಾಡತೊಡಗಿದವು. ಹಾಡು ಪಟ್ಟಿಯಲ್ಲಿ ಉಳಿಯಬೇಕೇ ಎಂದು ನಿರ್ಧರಿಸಲು ಕೇಳುಗರಿಗೆ ಅದರ ಕೆಲವೇ ಸೆಕೆಂಡುಗಳ ತುಣುಕು ಕೇಳಿಸಿ, ಗುರುತು ಸಿಕ್ಕಿತೇ, ಹಿಡಿಸಿತೇ, ಬೇಸರವಾಯಿತೇ ಎಂದು ಅಂಕ ಹಾಕಿಸುತ್ತಾರೆ. ಈ ಪರೀಕ್ಷೆಯಲ್ಲಿ ಗೆಲ್ಲುವುದು ಯಾವುದು? ಆಗಲೇ ಕೇಳಿದಂತಿರುವ ಹಾಡು. ಮೂರನೆಯ ಚರಣದಲ್ಲಿ ತಿರುವು ಪಡೆಯುವ ಕಥನಗೀತೆ ಏಳೆಂಟು ಸೆಕೆಂಡಿನ ತುಣುಕಿನಲ್ಲಿ ತನ್ನನ್ನು ತೋರಿಸಿಕೊಳ್ಳುವುದಾದರೂ ಹೇಗೆ? ಜಾಹೀರಾತು ಮಾರುವ ಕೇಂದ್ರಕ್ಕೆ ಕೇಳುಗರು ಹಾಡನ್ನು ಪ್ರೀತಿಸಬೇಕೆಂದೇನೂ ಇಲ್ಲ. ಕೇಂದ್ರ ಬದಲಿಸದೆ ಕೂತರೆ ಸಾಕು. ಯಾರನ್ನೂ ಎಬ್ಬಿಸಿ ಕಳಿಸದ ಹಾಡೇ ಒಳ್ಳೆಯ ಹಾಡೆಂದಾದ ಮೇಲೆ ಹಾಡುಗಳು ಒಂದನ್ನೊಂದು ಹೋಲುವುದು ಆಕಸ್ಮಿಕವಲ್ಲ.

ಬರೆಯುವವರ ಹೊಟ್ಟೆಪಾಡು ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿಮಾಡಿತು. ಇದನ್ನು ತುಸು ಹತ್ತಿರದಿಂದ ನೋಡಬೇಕು. ಅಮೆರಿಕದ ಕಾನೂನಿನ ಪ್ರಕಾರ 2006ರಿಂದ 2022ರವರೆಗೆ ಮಾರಾಟವಾದ ಪ್ರತಿ ಪ್ರತಿಗೆ ಒಂದು ಹಾಡಿನ ರಚನೆಗೆ ಸಿಗುತ್ತಿದ್ದದ್ದು 9.1 ಸೆಂಟ್. ಆಲ್ಬಂ ಹತ್ತು ಲಕ್ಷ ಮಾರಿದರೆ ಹಾಡೊಂದಕ್ಕೆ 91,000 ಡಾಲರ್. ಅದನ್ನು ರಚನಕಾರರೂ ಪ್ರಕಾಶಕರೂ ಹಂಚಿಕೊಳ್ಳುತ್ತಿದ್ದರು. ಇದರಲ್ಲಿ ಒಂದು ಗುಟ್ಟಿದೆ. ರೇಡಿಯೋದಲ್ಲಿ ಮೊಳಗಿದ ಮೊದಲನೆಯ ಹಾಡಿಗೂ, ರೇಡಿಯೋ ಮುಟ್ಟದ ಒಂಬತ್ತನೆಯ ಹಾಡಿಗೂ ಆಲ್ಬಂ ಮಾರಾಟದಿಂದ ಬರುವ ಹಣ ಒಂದೇ. ಆದ್ದರಿಂದ ತಂದೆಯ ಮರೆವಿನ ರೋಗದ ಬಗ್ಗೆಯೋ ಮುಚ್ಚಿದ ಗಿರಣಿಯ ಬಗ್ಗೆಯೋ ನಿಧಾನಗತಿಯ ಹಾಡು ಬರೆಯುವವರೂ ಮನೆ ಬಾಡಿಗೆ ಕಟ್ಟಬಲ್ಲವರಾಗಿದ್ದರು. ಜನ ಆಲ್ಬಂ ಕೊಳ್ಳುವುದನ್ನು ಬಿಟ್ಟು ಇಂಟರ್ನೆಟ್ಟಿನಲ್ಲಿ ಬಿಡಿ ಹಾಡು ಕೇಳತೊಡಗಿದಾಗ ಒಂಬತ್ತನೆಯ ಹಾಡಿನ ಆದಾಯ ಆವಿಯಾಯಿತು. ರಚನಕಾರರಿಗೆ ನೆಚ್ಚಿಕೊಳ್ಳುವಂಥ ದುಡ್ಡು ಉಳಿದದ್ದು ರೇಡಿಯೋ ಪ್ರಸಾರದಲ್ಲಿ ಮಾತ್ರ. ಮ್ಯೂಸಿಕ್ ರೋನಲ್ಲಿ ಬೆಳಿಗ್ಗೆ ಹೊತ್ತು ಗೊತ್ತುಮಾಡಿಕೊಂಡು ಮೂರು ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು, ಅವರಲ್ಲೊಬ್ಬರು ಕಂಪ್ಯೂಟರಿನಲ್ಲಿ ಸಿದ್ಧವಾಗಿ ತಂದ ತಾಳದ ಮೇಲೆ ಮಾತು ಕೂರಿಸುವ ಪದ್ಧತಿ ಬಲವಾಯಿತು. ‘ಕ್ರೂಸ್’ ಹಾಡಿಗೆ ಐದು ಜನ ರಚನಕಾರರು. ಕೂಡಿ ಬರೆಯುವುದೇ ಕೇಡೆಂದು ನಾನು ಹೇಳುತ್ತಿಲ್ಲ. ಜಾರ್ಜ್ ಜೋನ್ಸ್ ಅವರ ಆ ಮೇರು ಹಾಡನ್ನೂ ಬಾಬಿ ಬ್ರಾಡಕ್ ಮತ್ತು ಕರ್ಲಿ ಪಟ್‌ಮನ್ ಇಬ್ಬರು ಸೇರಿ ಬರೆದರು. ಆದರೆ ಕೋಣೆಯಲ್ಲಿರುವ ಎಲ್ಲರ ಕಣ್ಣೂ ಒಂದೇ ಕಿರಿದಾದ ಬಾಗಿಲ ಮೇಲಿದ್ದಾಗ, ಒಬ್ಬರ ಊರಿನ ಒಂದು ಬೀದಿಯ ಹೆಸರು, ಒಬ್ಬರ ತಾಯಿಯ ಒಂದು ಮಾತು ಎಲ್ಲರಿಗೂ ಒಪ್ಪುವ ಟ್ರಕ್ಕಿಗೂ ಬಿಯರಿಗೂ ಜಾಗ ಬಿಟ್ಟುಕೊಡುತ್ತದೆ.

ಬಾಗಿಲು ಕಿರಿದಾದದ್ದರ ನೇರ ಪುರಾವೆ ಹೆಂಗಸರ ದನಿಯ ಕಥೆಯಲ್ಲಿದೆ. ಒಟ್ಟಾವ ವಿಶ್ವವಿದ್ಯಾಲಯದ ಜಾಡಾ ವಾಟ್ಸನ್ ನಡೆಸಿದ ಅಧ್ಯಯನದ ಪ್ರಕಾರ, 2000ದಲ್ಲಿ ಕಂಟ್ರಿ ರೇಡಿಯೋ ಪಟ್ಟಿಯ ಹಾಡುಗಳಲ್ಲಿ ಮೂರನೆಯ ಒಂದು ಪಾಲು ಹೆಂಗಸರದಿತ್ತು. 2018ರ ಹೊತ್ತಿಗೆ ಅದು ಸುಮಾರು ಒಂಬತ್ತನೆಯ ಒಂದಕ್ಕೆ ಇಳಿದಿತ್ತು. 2015ರಲ್ಲಿ ಕೀತ್ ಹಿಲ್ ಎಂಬ ರೇಡಿಯೋ ಸಲಹೆಗಾರರು, ಗಂಡಸರ ಹಾಡು ಸಲಾಡಿನ ಸೊಪ್ಪಿದ್ದಂತೆ, ಹೆಂಗಸರ ಹಾಡು ಅದರ ಮೇಲಿನ ಟೊಮೆಟೊ ಇದ್ದಂತೆ, ಹೆಂಗಸರ ಹಾಡನ್ನು ಒಂದರ ಹಿಂದೊಂದು ಹಾಕಬೇಡಿ ಎಂದು ಬಹಿರಂಗವಾಗಿಯೇ ಹೇಳಿದರು. ಇದು ಒಬ್ಬರ ಬಾಯಿತಪ್ಪಿದ ಮಾತಲ್ಲ, ಕೇಂದ್ರಗಳು ನಡೆಸುತ್ತಿದ್ದ ರೂಢಿಯ ಬಾಯಿಮಾತು. ಇದನ್ನು 1975ರ ಜೊತೆ ಹೋಲಿಸಿ ನೋಡಿ. ಲೊರೆಟ್ಟಾ ಲಿನ್ ಗರ್ಭನಿರೋಧಕ ಗುಳಿಗೆಯ ಬಗ್ಗೆ ಹಾಡಿದ ‘ದ ಪಿಲ್’ ಹಾಡನ್ನು ಅನೇಕ ಕೇಂದ್ರಗಳು ಬಹಿಷ್ಕರಿಸಿದವು. ಆದರೂ ಹಾಕಿದ ಕೇಂದ್ರಗಳೂ ಸಾಕಷ್ಟಿದ್ದದ್ದರಿಂದ ಹಾಡು ಮೊದಲ ಐದರೊಳಗೆ ಬಂತು. 2003ರಲ್ಲಿ ಡಿಕ್ಸಿ ಚಿಕ್ಸ್ ತಂಡದ ನಟಾಲಿ ಮೇನ್ಸ್ ಲಂಡನ್ನಿನ ವೇದಿಕೆಯಲ್ಲಿ ಇರಾಕ್ ಯುದ್ಧದ ಹೊಸ್ತಿಲಲ್ಲಿ ಅಧ್ಯಕ್ಷ ಬುಷ್ ವಿರುದ್ಧ ಒಂದು ಮಾತಾಡಿದಾಗ ಆದದ್ದೇ ಬೇರೆ. ದೇಶದ ಅತಿ ಜನಪ್ರಿಯ ಕಂಟ್ರಿ ತಂಡಗಳಲ್ಲೊಂದು ಕೆಲವೇ ದಿನಗಳಲ್ಲಿ ರೇಡಿಯೋದಿಂದ ಮರೆಯಾಯಿತು. ಆ ಪಾಠವನ್ನು ಹೊಸಬರು ಚೆನ್ನಾಗಿ ಕಲಿತರು. 2014ರಲ್ಲಿ ಮ್ಯಾಡಿ ಅಂಡ್ ಟೇ ಎಂಬ ಇಬ್ಬರು ಹುಡುಗಿಯರು, ಕಂಟ್ರಿ ಹಾಡಿನೊಳಗಿನ ಹೆಸರಿಲ್ಲದ ಹುಡುಗಿಯ ಪರವಾಗಿ ಉತ್ತರದ ಹಾಡು ಹಾಡಿ ಪಟ್ಟಿಯ ಮೇಲಕ್ಕೇರಿದರು. ಕಿಟ್ಟಿ ವೆಲ್ಸ್ ಅವರ ಕಟ್ಟೆ ಇನ್ನೂ ಪೂರ್ತಿ ಕುಸಿದಿರಲಿಲ್ಲ. ಆದರೆ ಆ ಕಟ್ಟೆ ಹತ್ತಿ ಮಾತಾಡಲು ಅವಕಾಶ ಸಿಕ್ಕವರು ಬಹಳ ಕಡಿಮೆ.

ಇಲ್ಲಿ ಇನ್ನೊಂದು ಆಕ್ಷೇಪವನ್ನು ಎದುರಿಸಬೇಕು. ಅದು ನನ್ನ ಪಕ್ಷದವರ ಮೇಲಿನ ಆಪಾದನೆಯೂ ಹೌದು. ಈ ಗೊಣಗಾಟದ ಹಿಂದೆ ಮಡಿವಂತಿಕೆ ಇದೆ, ಕಪ್ಪು ಜನರ ಹಿಪ್‌ಹಾಪ್ ತಾಳ ಬಿಳಿಯರ ಅಂಗಳಕ್ಕೆ ಬಂತೆಂಬ ಸಿಟ್ಟೇ ಸಂಗೀತವಿಮರ್ಶೆಯ ವೇಷ ತೊಟ್ಟಿದೆ ಎಂಬುದು ಆ ಮಾತು. ಕೆಲವರ ವಿಷಯದಲ್ಲಿ ಇದು ನಿಜವೇ. ಅದಕ್ಕೇ ಸ್ಪಷ್ಟವಾಗಿ ಹೇಳುತ್ತೇನೆ: ತಾಳ ಎಲ್ಲಿಂದ ಬಂತೆಂಬುದು ನನ್ನ ದೂರಲ್ಲ. ಬೆರಕೆಯೇ ಕಂಟ್ರಿಯ ಹುಟ್ಟುಗುಣ. ಬ್ಯಾಂಜೋ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ. ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಹಳ್ಳಿ ಸುತ್ತಿದಾಗ ಮಟ್ಟುಗಳನ್ನು ನೆನಪಿನಲ್ಲಿ ಹಿಡಿದಿಟ್ಟುಕೊಂಡು ಬಂದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು. 1930ರಲ್ಲಿ ಜಿಮ್ಮಿ ರಾಜರ್ಸ್ ಹಾಡಿಗೆ ಕಪ್ಪು ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ನುಡಿಸಿದರು. ಗ್ರ್ಯಾಂಡ್ ಓಲ್ ಆಪ್ರಿ ಎಂಬ ನ್ಯಾಶ್‌ವಿಲ್‌ನ ರೇಡಿಯೋ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರು ಕಪ್ಪು ಹಾರ್ಮೋನಿಕಾ ವಾದಕ ಡಿಫೋರ್ಡ್ ಬೇಲಿ. ಕಪ್ಪು ಗಾಯಕರಿಗೆ ‘ರೇಸ್ ರೆಕಾರ್ಡ್’, ಬಿಳಿಯರಿಗೆ ‘ಹಿಲ್‌ಬಿಲ್ಲಿ’ ಎಂದು 1920ರ ದಶಕದಲ್ಲಿ ಬೇರೆ ಬೇರೆ ಪಟ್ಟಿ ಮಾಡಿ ಅಂಗಡಿಯಲ್ಲಿ ಬೇಲಿ ಹಾಕಿದ್ದು ಕಂಪನಿಗಳು. ಅದೇ ಬೇಲಿ 2019ರಲ್ಲೂ ಕಂಡಿತು. ಕಪ್ಪು ಗಾಯಕ ಲಿಲ್ ನಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’ ಹಾಡನ್ನು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಆ ಹಾಡು ಎಲ್ಲ ಬಗೆಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತಿತು. ಅಷ್ಟು ಹೊತ್ತಿಗೆ ಬಿಳಿಯ ಹುಡುಗರು ಹಿಪ್‌ಹಾಪ್ ತಾಳದ ಮೇಲೆ ಹಾಡಿದ ಹಾಡುಗಳು ಕಂಟ್ರಿ ರೇಡಿಯೋದಲ್ಲಿ ಹಲವು ವರ್ಷಗಳಿಂದ ಆರಾಮವಾಗಿ ಓಡುತ್ತಿದ್ದವು. ತಾಳಕ್ಕೆ ಬಾಗಿಲು ತೆರೆದು, ತಾಳದ ಒಡೆಯರಿಗೆ ಮುಚ್ಚಿದ್ದು ಇಲ್ಲಿನ ಅನ್ಯಾಯ. ಏಕರೂಪದ ವಿರುದ್ಧದ ದೂರು ಈ ಅನ್ಯಾಯದ ವಿರುದ್ಧದ ದೂರೂ ಆಗದಿದ್ದರೆ ಅದು ಅರ್ಧ ದೂರು.

ಜನ ಕೇಳುವುದನ್ನೇ ರೇಡಿಯೋ ಕೊಡುತ್ತದೆ, ಮೆಚ್ಚದಿದ್ದರೆ 24 ವಾರ ಕೇಳುತ್ತಿದ್ದರೇ ಎಂಬುದು ಉದ್ಯಮದವರ ಅತಿ ಗಟ್ಟಿಯಾದ ಸಮಜಾಯಿಷಿ. ಇದಕ್ಕೆ ಉತ್ತರವನ್ನು ಜನರೇ ಕೊಟ್ಟಿದ್ದಾರೆ. ಕ್ರಿಸ್ ಸ್ಟೇಪಲ್ಟನ್ ಬಹಳ ವರ್ಷ ಬೇರೆಯವರಿಗೆ ಹಾಡು ಬರೆದುಕೊಟ್ಟವರು. ಬ್ರೋ ಕಂಟ್ರಿಯ ಮುಂದಾಳು ಲ್ಯೂಕ್ ಬ್ರಯನ್ ಅವರ ಅತ್ಯಂತ ಗಂಭೀರ ಹಾಡುಗಳಲ್ಲಿ ಒಂದಾದ ‘ಡ್ರಿಂಕ್ ಎ ಬಿಯರ್’ ಬರೆದವರಲ್ಲಿ ಅವರೂ ಒಬ್ಬರು. 2015ರ ಮೇ ತಿಂಗಳಲ್ಲಿ ಬಂದ ಅವರ ‘ಟ್ರಾವೆಲರ್’ ಆಲ್ಬಮ್ಮಿಗೆ ರೇಡಿಯೋದಲ್ಲಿ ಹೆಚ್ಚಿನ ಜಾಗ ಸಿಕ್ಕಿರಲಿಲ್ಲ. ಆ ನವೆಂಬರಿನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಪ್ರಶಸ್ತಿ ಸಮಾರಂಭದಲ್ಲಿ ಅವರು ಜಸ್ಟಿನ್ ಟಿಂಬರ್‌ಲೇಕ್ ಜೊತೆ ಕೆಲವು ನಿಮಿಷ ಹಾಡಿದರು, ಮೂರು ಪ್ರಶಸ್ತಿ ಗೆದ್ದರು; ಮುಂದಿನ ವಾರವೇ ಆ ಆಲ್ಬಂ ದೇಶದ ಪಟ್ಟಿಯ ತುದಿಗೆ ನೆಗೆಯಿತು. ಅದಕ್ಕಾಗಿ ಜನರ ರುಚಿ ಒಂದು ರಾತ್ರಿಯಲ್ಲಿ ಬದಲಾಗಬೇಕಾಗಿರಲಿಲ್ಲ. ಅಂಥ ದನಿ ಇದೆಯೆಂದು ಅವರಿಗೆ ಒಂದು ರಾತ್ರಿ ಗೊತ್ತಾದರೆ ಸಾಕಾಗಿತ್ತು. ಇನ್ನೂ ಒಂದು ಸಾಕ್ಷ್ಯ: ಟ್ರೇಸಿ ಚಾಪ್‌ಮನ್ ಎಂಬ ಕಪ್ಪು ಮಹಿಳೆ ಒಬ್ಬರೇ ಬರೆದು 1988ರಲ್ಲಿ ಹಾಡಿದ ‘ಫಾಸ್ಟ್ ಕಾರ್’ ಹಾಡನ್ನು 2023ರಲ್ಲಿ ಲ್ಯೂಕ್ ಕೋಂಬ್ಸ್ ಹೆಚ್ಚಿನ ತಿದ್ದುಪಡಿಯಿಲ್ಲದೆ ಹಾಡಿದರು. ಅದು ಕಂಟ್ರಿ ರೇಡಿಯೋದ ಪಟ್ಟಿಯಲ್ಲೇ ಮೊದಲ ಸ್ಥಾನಕ್ಕೆ ಬಂತು. ಚಾಪ್‌ಮನ್ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆಯಾದರು. ಅದರಲ್ಲೂ ಒಂದು ಗಾಡಿ ಇದೆ. ಆದರೆ ಆ ಗಾಡಿಯಲ್ಲಿ ಕೂತವಳಿಗೆ ಕುಡುಕ ತಂದೆಯಿದ್ದಾನೆ, ಬಿಟ್ಟ ಶಾಲೆಯಿದೆ, ಅಂಗಡಿಯ ಗಲ್ಲಾ ಪೆಟ್ಟಿಗೆಯ ಕೆಲಸವಿದೆ, ನೆರವೇರದ ಆಸೆಯಿದೆ. ಜನ ಬೇಡವೆಂದದ್ದು ಇಂಥ ಹಾಡನ್ನಲ್ಲ; ಅವರನ್ನು ಯಾರೂ ಕೇಳಿರಲೇ ಇಲ್ಲ.

ಹಾಗಾದರೆ ಇಂಟರ್ನೆಟ್ಟಿನಲ್ಲಿ ಬೇಕಾದ್ದನ್ನು ಕೇಳಬಹುದಾದ ಈ ಕಾಲದಲ್ಲಿ ರೋಗ ವಾಸಿಯಾಯಿತೇ? ಅಂಚಿನಲ್ಲಿ ಖಂಡಿತ ಹಸಿರು ಕಾಣುತ್ತಿದೆ. ಕೆಂಟಕಿಯ ಟೈಲರ್ ಚೈಲ್ಡರ್ಸ್, ನೌಕಾಪಡೆಯಲ್ಲಿದ್ದುಕೊಂಡೇ ಹಾಡು ಕಟ್ಟಿದ ಝ್ಯಾಕ್ ಬ್ರಯನ್ ಮುಂತಾದವರು ರೇಡಿಯೋದ ಹಂಗಿಲ್ಲದೆ ದೊಡ್ಡ ಮೈದಾನಗಳನ್ನು ತುಂಬಿಸುತ್ತಿದ್ದಾರೆ. 2024ರಲ್ಲಿ ಕಪ್ಪು ಗಾಯಕ ಶಬೂಜಿ ಅವರ ಹಾಡು ‘ಓಲ್ಡ್ ಟೌನ್ ರೋಡ್’ನಷ್ಟೇ ವಾರ, ಅಂದರೆ 19 ವಾರ ಮುಖ್ಯ ಪಟ್ಟಿಯ ತುದಿಯಲ್ಲಿತ್ತು; ಈ ಬಾರಿ ಕಂಟ್ರಿ ರೇಡಿಯೋ ಕೂಡ ಅದನ್ನು ತುದಿಗೇರಿಸಿತು. ಆದರೆ ಅದೇ ವರ್ಷ ಬಂದ ಬಿಯೊನ್ಸೆ ಅವರ ‘ಕೌಬಾಯ್ ಕಾರ್ಟರ್’ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಂ ಎನಿಸಿಕೊಂಡರೂ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ಒಂದು ನಾಮನಿರ್ದೇಶನವನ್ನೂ ಪಡೆಯಲಿಲ್ಲ. ಹೊಸ ದಾರಿಯಲ್ಲಿ ಹೊಸ ಅಚ್ಚುಗಳೂ ತಯಾರಾಗುತ್ತಿವೆ. ಮಾರ್ಗನ್ ವಾಲನ್ ಅವರ 2023ರ ಆಲ್ಬಮ್ಮಿನಲ್ಲಿ 36 ಹಾಡು, 2025ರದರಲ್ಲಿ 37. ಕೇಳಿಕೆಯ ಸಂಖ್ಯೆಯೇ ಪಟ್ಟಿಯನ್ನು ನಿರ್ಧರಿಸುವಾಗ ಹೆಚ್ಚು ಹಾಡು ಹಾಕಿದಷ್ಟೂ ಲಾಭ, ಅಷ್ಟು ಹಾಡುಗಳಲ್ಲಿ ವಿಸ್ಕಿ ಮತ್ತು ಪಶ್ಚಾತ್ತಾಪ ಮತ್ತೆ ಮತ್ತೆ ಬರುವುದು ಅನಿವಾರ್ಯ. ಈ ಕಾಯಿಲೆ ಕಂಟ್ರಿಗಷ್ಟೇ ಸೀಮಿತವೂ ಅಲ್ಲ. ಸ್ಪೇನಿನ ಜೋನ್ ಸೆರ‍್ರಾ ಮತ್ತು ಸಂಗಡಿಗರು 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪಾಶ್ಚಾತ್ಯ ಜನಪ್ರಿಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿನಿಂದ ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನ, ಸ್ವರಸಂಚಾರ ಕಿರಿದಾಗುತ್ತ, ನಾದದ ಬಣ್ಣಗಳು ಏಕರೂಪವಾಗುತ್ತ, ಸದ್ದು ಜೋರಾಗುತ್ತ ಬಂದಿದೆ ಎಂದು ತೋರಿಸಿತು. ಆದರೆ ಕಂಟ್ರಿಗೆ ಇದರಿಂದಾಗುವ ನಷ್ಟ ಹೆಚ್ಚು. ಬೇರೆ ಸಂಗೀತಗಳಿಗೆ ಮಾತು ಸೊರಗಿದರೂ ನಾದದ ಹೊಸತನದ ಆಸರೆ ಇದೆ. ನಾದವನ್ನು ಬೇಕೆಂದೇ ಸರಳವಾಗಿಟ್ಟು ಎಲ್ಲ ಭಾರವನ್ನೂ ಮಾತಿನ ಮೇಲೆ ಹೊರಿಸಿದ ಈ ಸಂಗೀತದಲ್ಲಿ ಮಾತು ಸೋತರೆ ಉಳಿಯುವುದು ಏನೂ ಇಲ್ಲ.

ಇಷ್ಟೆಲ್ಲ ಚರ್ಚಿಸಬೇಕಾದ ವಿಷಯವೇ ಇದು ಎಂದು ಕೇಳುವವರಿದ್ದರೆ, ಹೌದು ಎನ್ನುತ್ತೇನೆ. ಗಣಿಯ ಧೂಳು, ಬತ್ತಿದ ಹೊಲ, ಜೈಲಿನ ರಾತ್ರಿ, ಬೇಡದ ಬಸಿರು, ಮುರಿದ ಮದುವೆ, ಮರೆಯಲಾಗದ ಸಾವು ಇವೆಲ್ಲ ಅಮೆರಿಕದ ಬಡವರ ಬಾಯಲ್ಲಿ ಹಾಡಾಗಿ ದಾಖಲಾದದ್ದು ಇಲ್ಲಿ. ಕೆಲಸವೂ ಊರೂ ಕೈತಪ್ಪಿದ ಜನಕ್ಕೆ ವಾರಾಂತ್ಯದ ಹೊಳೆದಂಡೆಯನ್ನಷ್ಟೇ ಹಾಡಿ ತೋರಿಸಿದರೆ, ಅವರ ಉಳಿದ ಐದು ದಿನಗಳಿಗೆ ದನಿಯೇ ಇಲ್ಲದಂತಾಗುತ್ತದೆ. ಆದ್ದರಿಂದ ಹೊಸ ಹಾಡೊಂದನ್ನು ತೂಗುವಾಗ ಇದು ಹಿಂದಿನದರಂತಿದೆಯೇ ಎಂದು ಕೇಳಿದರೆ ಸಾಲದು. ಹಿಂದಿನದರಂತೆ ಇರಲಿ, ತಪ್ಪಿಲ್ಲ. ಇದನ್ನು ಹಾಡಲು ಈ ಒಬ್ಬರೇ ಬೇಕಾಗಿತ್ತೇ, ಬೇರೆ ಯಾರು ಹಾಡಿದ್ದರೂ ನಡೆಯುತ್ತಿತ್ತೇ ಎಂದು ಕೇಳಬೇಕು. ಗ್ರೆಗ್ ಟಾಡ್ ಅವರ ಆರು ಹಾಡುಗಳ ಪ್ರಯೋಗವನ್ನು ಆ ಹಳೆಯ ನಾಲ್ಕು ಹಾಡುಗಳ ಮೇಲೂ ಮಾಡಬಹುದು. ವಿರಹದ ಕಾರ್ಟರ್ ಕುಟುಂಬ, ಭಕ್ತಿಯ ಏಕಫ್, ದೂರುವ ಥಾಂಪ್ಸನ್, ತಿರುಗಿಬಿದ್ದ ಕಿಟ್ಟಿ ವೆಲ್ಸ್; ಮಟ್ಟು ಒಂದೇ ಆದ್ದರಿಂದ ಅವೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ, ಬಹುಶಃ ಆ ಆರಕ್ಕಿಂತ ಚೆನ್ನಾಗಿ. ಆದರೆ ಅವನ್ನು ಒಟ್ಟಿಗೆ ನುಡಿಸಿದಾಗ ಒಂದು ಜಗಳ ಕೇಳಿಸುತ್ತದೆ: ಒಬ್ಬಳು ಅಳುತ್ತಿದ್ದಾಳೆ, ಒಬ್ಬ ಪ್ರಾರ್ಥಿಸುತ್ತಿದ್ದಾನೆ, ಒಬ್ಬ ಬೈಯುತ್ತಿದ್ದಾನೆ, ಇನ್ನೊಬ್ಬಳು ‘ಅಲ್ಲ, ನಿನ್ನ ಮಾತು ಸುಳ್ಳು’ ಎನ್ನುತ್ತಿದ್ದಾಳೆ. ಆರು ಹಾಡುಗಳಲ್ಲಿ ಕೇಳಿಸುವುದು ಹೌದು, ಹೌದು ಎಂಬ ಒಂದೇ ಮಾತು. ಅಲ್ಲ ಎನ್ನುವವಳಿಗೆ ಆ ಮಟ್ಟಿನೊಳಗೆ ಮತ್ತೆ ಜಾಗ ಸಿಗುವ ದಿನ ಈ ಸಂಗೀತ ಎಷ್ಟೇ ಒಂದೇ ಥರ ಕೇಳಿಸಲಿ, ಅದು ಬದುಕಿದೆ ಎಂದು ಧೈರ್ಯವಾಗಿ ಹೇಳಬಹುದು.